ಟೆಂಟಿನಲ್ಲಿ ಕಂಡ ‘ಎರಡು ಕನಸು’

ಎಪ್ಪತ್ತರ ದಶಕದಲ್ಲಿ ಅಮ್ಮಸಂದ್ರದ ಸುತ್ತಿನ ನಮಗೆ ಸಿನಿಮಾ ಎಂದರೆ ಟೂರಿಂಗ್ ಟಾಕೀಸಿನ ಟೆಂಟು. ಕತ್ತಲಾಗದೆ ಆಟವಿಲ್ಲ. ಘಂಟಸಾಲರ ‘ನಮೋ ವೆಂಕಟೇಶ’ ತಟ್ಟೆ ತೆಂಗಿನ ತೋಟದಾಚೆ ಕೇಳಿಸಿದರೆ ಟಿಕೆಟ್ಟು ಶುರುವಾಯಿತೆಂದೇ ಅರ್ಥ. ಸಿಮೆಂಟು ಕಾರ್ಖಾನೆಯ ನೌಕರರಿಗೆ ಕುರ್ಚಿ, ನಮಗೆ ನೆಲ.

ಹಾಗೆ ಕಂಡದ್ದು ವಾಣಿಯವರ ಕಾದಂಬರಿಯನ್ನು ಆಧರಿಸಿ ದೊರೈ-ಭಗವಾನ್ ನಿರ್ದೇಶಿಸಿದ ‘ಎರಡು ಕನಸು’ (1974). ಪ್ರೀತಿಸಿದವಳು ಮಂಜುಳಾ, ಕೈಹಿಡಿದವಳು ಕಲ್ಪನಾ, ನಡುವೆ ರಾಜಕುಮಾರ್. ಹುಡುಗರೆಲ್ಲ ಮಂಜುಳಾ ಪಕ್ಷ! ಆದರೆ ರಾಜನ್-ನಾಗೇಂದ್ರರ ಹಾಡುಗಳನ್ನು ಇಂದು ಕೇಳಿದರೆ ಚಿತ್ರ ಕಲ್ಪನಾ ಅವರದೆನಿಸುತ್ತದೆ. ಎಸ್. ಜಾನಕಿಯವರ ಕಂಠದಲ್ಲಿ ಆಕೆ ದೇವರೆದುರು ನಿಂತು ಬಾಗಿಲು ತೆರೆಯೆಂದು ಬೇಡುವ ಹಾಡೊಂದಿದೆ. ಮೊರೆ ದೇವರಿಗೆ; ಮುಚ್ಚಿದ ಬಾಗಿಲು ಮಾತ್ರ ಗಂಡನ ಮನಸ್ಸಿನದು. ಟೆಂಟಿಗೆ ಒಂದೇ ಪ್ರೊಜೆಕ್ಟರು. ರೀಲು ಬದಲಿಸಲು ದೀಪ ಹತ್ತಿದಾಗ ಹೆಂಗಸರ ಕಡೆ ಸೆರಗು ಕಣ್ಣಿಗಿರುತ್ತಿತ್ತು.

ರಾಜ್‌ಗೆ ಪಿ.ಬಿ. ಶ್ರೀನಿವಾಸ್ ಹಾಡಿದ ಕೊನೆಕೊನೆಯ ದೊಡ್ಡ ಚಿತ್ರಗಳಲ್ಲಿ ಇದೂ ಒಂದು. ಅದೇ 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆಯ ಮೇಲೆ ಕೂತು ರಾಜ್ ತಮ್ಮದೇ ದನಿಯಲ್ಲಿ ಹಾಡಿದರು, ಆಮೇಲೆ ಅವರ ಹಾಡುಗಳಿಗೆ ಬಹುಪಾಲು ಅವರದೇ ಕಂಠ. ಅದಕ್ಕೆ ನಾವೂ ಶಿಳ್ಳೆ ಹೊಡೆದವರೇ. ಆದರೂ ‘ಎರಡು ಕನಸಿ’ನ ಆ ನೊಂದ ಗಂಡಸು ನಮ್ಮ ಕಿವಿಯಲ್ಲಿ ಈಗಲೂ ಶ್ರೀನಿವಾಸರ ಮೆಲುದನಿಯಲ್ಲೇ ಇದ್ದಾನೆ.