ಮೇಟ್ರನ್ನರ ಲೆಕ್ಕದ ಪುಸ್ತಕ

ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದವರಾರೂ ದಾದಿಯ ಮುಖವನ್ನು ಮರೆಯಲಾರರು. ಆದರೆ ರಾತ್ರಿ ಪಾಳಿಗೆ ಆಕೆಯನ್ನು ನೇಮಿಸಿದವರಾರು, ಔಷಧದ ಬೀರುವಿನ ಬೀಗದ ಕೈ ಯಾರ ಬಳಿಯಿದೆ, ಹೊಸದಾಗಿ ಬಂದ ಹುಡುಗಿಗೆ ಕೆಲಸ ಕಲಿಸುವವರಾರು ಎಂದು ವಿಚಾರಿಸುವವರು ವಿರಳ. ಹಿಂದೆ ಮೇಟ್ರನ್ ಎನಿಸಿಕೊಂಡು ಈಗ ನರ್ಸಿಂಗ್ ಸೂಪರಿಂಟೆಂಡೆಂಟ್ ಎನಿಸಿಕೊಳ್ಳುವವರ ಹೊಣೆಯದು.

ಒಂದು ಲೆಕ್ಕವನ್ನೇ ನೋಡಬಹುದು. ವೈದ್ಯ ಶಿಕ್ಷಣ ನೀಡುವ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಭಾರತೀಯ ಶುಶ್ರೂಷಾ ಪರಿಷತ್ತು ವಿಧಿಸಿದ ಪ್ರಮಾಣ ಮೂವರು ರೋಗಿಗಳಿಗೆ ಒಬ್ಬ ದಾದಿ. ರಜೆಗಳ ಸಲುವಾಗಿ ಶೇಕಡಾ 30 ಹೆಚ್ಚು. ಅಂದರೆ 30 ಹಾಸಿಗೆಗಳಿಗೆ 13 ಜನ. ಮೂರು ಪಾಳಿಗಳಿಗೆ ಹಂಚಿದರೆ ಒಂದು ಹೊತ್ತಿಗೆ ನಿಲ್ಲುವವರು ಮೂವರೋ ನಾಲ್ವರೋ! ಅವರಲ್ಲೊಬ್ಬಳಿಗೆ ಜ್ವರ ಬಂದಿತೆನ್ನಿ. ಆಗ ಅನುಭವಸ್ಥೆಯನ್ನು ಯಾರ ಬಳಿ ನಿಲ್ಲಿಸಬೇಕು, ಹೊಸಬಳಿಗೆ ಏನನ್ನು ವಹಿಸಬಾರದು ಎಂಬ ನಿರ್ಣಯದ ಮೇಲೆ ಪ್ರಾಣಗಳು ನಿಂತಿರುತ್ತವೆ. ಇಪ್ಪತ್ತು ವರ್ಷಗಳ ಸೇವೆ ಕೈಗೆ ನಯವನ್ನು ತಂದೀತು. ಈ ಆಡಳಿತ ವಿದ್ಯೆಯನ್ನು ತಾನಾಗಿ ತರಲಾರದು.

1946ರಲ್ಲಿ ಭೋರ್ ಸಮಿತಿ ವರದಿಯೊಪ್ಪಿಸಿದಾಗ ದೇಶದಲ್ಲಿ 43,000 ಜನರಿಗೆ ಒಬ್ಬ ದಾದಿ ಇದ್ದಳು. ಅದೇ ವರ್ಷ ದೆಹಲಿ, ವೆಲ್ಲೂರುಗಳಲ್ಲಿ ಶುಶ್ರೂಷೆಯ ಪದವಿ ಶಿಕ್ಷಣ ಮೊದಲಾಯಿತು. 1959ರಲ್ಲಿ ದೆಹಲಿಯಲ್ಲಿ ಸ್ನಾತಕೋತ್ತರ ಶಿಕ್ಷಣ. ಕರ್ನಾಟಕದಲ್ಲಿ 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಇಂದು ಎಂ.ಎಸ್‌ಸಿ.ವರೆಗೆ ಓದಬಹುದು. ಎರಡು ವರ್ಷಗಳ ಆ ವ್ಯಾಸಂಗದಲ್ಲಿ ರೋಗಶುಶ್ರೂಷೆಯೊಡನೆ ಆಡಳಿತ, ಬೋಧನೆ, ಸಂಶೋಧನೆಗಳಿಗೂ ಸ್ಥಾನವಿದೆ.

ಆದರೆ ಹೀಗೆ ಓದಿದವರಲ್ಲಿ ಅನೇಕರು ಸೇರುವುದು ಕಾಲೇಜಿನ ಪಾಠದ ಕೋಣೆಯನ್ನು. ವಾರ್ಡಿನ ಕುರ್ಚಿ ಬಹುಮಟ್ಟಿಗೆ ಸೇವಾ ಹಿರಿತನದ ಪಾಲು. ವಿದ್ಯೆ ಒಂದೆಡೆ, ಅಧಿಕಾರ ಇನ್ನೊಂದೆಡೆ. ಇದು ಸರಿಯಾದ ಹಂಚಿಕೆಯೆನ್ನಲಾಗದು.

ಇದರ ಬಿಸಿ ಹೆಚ್ಚಾಗಿ ತಟ್ಟುವುದು ದೂರದ ಊರುಗಳಿಗೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನೇ ತೆಗೆದುಕೊಳ್ಳಿ. ಪಾವಗಡದಿಂದ ಜಿಲ್ಲಾ ಕೇಂದ್ರವಾದ ತುಮಕೂರಿಗೆ ಸುಮಾರು ನೂರು ಕಿಲೋಮೀಟರು. ನಡುರಾತ್ರಿ ಹೆರಿಗೆ ನೋವಿನ ಹೆಂಗಸೊಬ್ಬಳು ಬಂದರೆ, ಇಲ್ಲಿಯೇ ನೋಡಿಕೊಳ್ಳಬಹುದೇ, ವೈದ್ಯರನ್ನು ಈಗಲೇ ಕರೆಸಬೇಕೇ ಎಂದು ಮೊದಲು ಗುರುತಿಸಬೇಕಾದವಳು ಪಾಳಿಯ ದಾದಿ. ಅವಳನ್ನು ಆ ಗಳಿಗೆಗೆ ಮೊದಲೇ ಸಿದ್ಧಗೊಳಿಸಿದ ಹಿರಿಯಳೊಬ್ಬಳು ಆ ಆಸ್ಪತ್ರೆಯಲ್ಲಿರಬೇಕು.

ಅಂಥ ಹಿರಿಯಳಾಗಬಲ್ಲ ಡಿಪ್ಲೊಮಾ ದಾದಿಗೆ ಮುಂದಿನ ಪದವಿಗೇ ಎರಡು ವರ್ಷ ಬೇಕು, ಎಂ.ಎಸ್‌ಸಿ.ಗೆ ಮತ್ತೆರಡು. ತಮ್ಮನ ಶಾಲೆಯ ಫೀಜು, ಅಪ್ಪನ ಔಷಧ ಎಲ್ಲವೂ ಅವಳ ಸಂಬಳದಿಂದಲೇ ನಡೆಯುವ ಮನೆಯಲ್ಲಿ, ತುಂಬಿದ ಅರ್ಜಿಯೂ ಪೆಟ್ಟಿಗೆಯ ತಳ ಸೇರಿಬಿಡುತ್ತದೆ.