ಮನೆಯ ಸೋಲಾರ್‌ಗೆ ವೈರಿಂಗ್ ನಕ್ಷೆ: ಕಂಪ್ಯೂಟರಿನಲ್ಲಿ ಬರೆಸುವ ಪಾಠ

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಗೃಹಬಳಕೆಯ ವಿದ್ಯುತ್ ಮಂಡಲದ ಚಿತ್ರವಿದೆ. ಕಂಬದಿಂದ ಮೀಟರು, ಮೀಟರಿನಿಂದ ಮೇನ್ ಸ್ವಿಚ್ಚು, ಅಲ್ಲಿಂದ ದೀಪ, ಫ್ಯಾನು. ವಿದ್ಯುತ್ತು ಹೊರಗಿನಿಂದ ಒಳಗೆ ಬರುತ್ತದೆ ಎಂಬುದನ್ನು ಆ ಚಿತ್ರ ಹೇಳದೆಯೇ ಹೇಳುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪಕ್ಕೆ ಬಂತು. ಅಂದಿನಿಂದ ನಮ್ಮ ಮನೆಗಳ ಮಟ್ಟಿಗೆ ಇದು ಒಮ್ಮುಖ ರಸ್ತೆಯೇ ಆಗಿತ್ತು. ಈಗ ಇಂದಿರಾನಗರದಲ್ಲಿ, ಕೆ.ಆರ್. ಪುರದ ಬಡಾವಣೆಗಳಲ್ಲಿ ತಾರಸಿಯಿಂದ ಕಂಬದ ಕಡೆಗೂ ವಿದ್ಯುತ್ತು ಹರಿಯುತ್ತಿದೆ. ಪುಸ್ತಕದ ಚಿತ್ರ ಇದನ್ನು ತೋರಿಸುವುದಿಲ್ಲ. ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ಇದನ್ನು ಮಕ್ಕಳಿಂದ ಹೇಗೆ ಬರೆಸಬಹುದು, ಬರೆಸಿದ ಮೇಲೆ ಏನು ಕೇಳಬೇಕು ಎಂಬುದು ಈ ಲೇಖನದ ವಿಷಯ.

ಪಾಠಕ್ಕೆ ಮೊದಲು ಎರಡು ಮಾತುಗಳನ್ನು ಬಿಡಿಸಿಕೊಳ್ಳಬೇಕು. ಬೆಂಗಳೂರಿನ ಮಕ್ಕಳಿಗೆ ‘ಸೋಲಾರ್’ ಎಂದರೆ ಮೊದಲು ನೆನಪಾಗುವುದು ಸ್ನಾನದ ಬಿಸಿನೀರು. ಗಾಜಿನ ಕೊಳವೆ, ಮೇಲೊಂದು ಡ್ರಮ್ಮು. ಅದರಲ್ಲಿ ವಿದ್ಯುತ್ತೇ ಹುಟ್ಟುವುದಿಲ್ಲ. ಇನ್ನು ‘ಇನ್ವರ್ಟರ್’ ಎಂದರೆ ಕರೆಂಟು ಹೋದಾಗ ದೀಪ ಉರಿಸುವ ಬ್ಯಾಟರಿ ಪೆಟ್ಟಿಗೆ. ಅನೇಕ ಮನೆಗಳಲ್ಲಿ ಅದನ್ನೇ ಯುಪಿಎಸ್ ಎನ್ನುತ್ತಾರೆ. ಸೋಲಾರ್ ಇನ್ವರ್ಟರಿನ ಕೆಲಸ ಬೇರೆ. ಅದು ಫಲಕದ ಡಿಸಿಯನ್ನು ಎಸಿ ಮಾಡಿ ಬೆಸ್ಕಾಂ ಲೈನಿನ ತಾಳಕ್ಕೆ ಸೇರಿಸುತ್ತದೆ. ಸಾಮಾನ್ಯ ಗ್ರಿಡ್-ಸಂಪರ್ಕದ ಮಾದರಿಯಲ್ಲಿ ಬ್ಯಾಟರಿ ಇರುವುದೇ ಇಲ್ಲ. ಈ ಗೊಂದಲ ಉಳಿದರೆ ಮಗು ನಕ್ಷೆಯಲ್ಲಿ ಇಲ್ಲದ ಬ್ಯಾಟರಿಯನ್ನು ಬರೆದೇ ಬರೆಯುತ್ತದೆ.

ಉದಾಹರಣೆಗೆ ಒಂದೇ ಮನೆ ಸಾಕು. ಕೆ.ಆರ್. ಪುರದ ಕಡೆಯ 30x40ರ ಸೈಟು, 3 ಕಿಲೊವ್ಯಾಟ್ ವ್ಯವಸ್ಥೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೊವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಇರುವುದರಿಂದ ಈ ಅಳತೆ ಮಕ್ಕಳ ಕಿವಿಗೂ ಬಿದ್ದಿರುತ್ತದೆ. 540 ವ್ಯಾಟಿನ ಆರು ಫಲಕಗಳು ಸರಣಿಯಲ್ಲಿ ಇವೆ ಎಂದುಕೊಳ್ಳೋಣ. ಅಂಥ ಒಂದು ಫಲಕದ ತೆರೆದ ಮಂಡಲ ವೋಲ್ಟೇಜ್ ಸುಮಾರು 49.5, ಆರಕ್ಕೆ 297 ವೋಲ್ಟ್. ಇದು 25 ಡಿಗ್ರಿಯ ಲೆಕ್ಕ. ಫಲಕ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ಸುಮಾರು ಶೇ. 0.28ರಂತೆ. ಜನವರಿಯ ಮುಂಜಾನೆ 10 ಡಿಗ್ರಿಗೆ ಇಳಿದರೆ ಹದಿನೈದು ಡಿಗ್ರಿಗೆ ಶೇ. 4.2 ಹೆಚ್ಚು, ಅಂದರೆ 309 ವೋಲ್ಟಿನ ಆಸುಪಾಸು. ಇನ್ವರ್ಟರಿನ ಗರಿಷ್ಠ ಮಿತಿಗೆ ಹೋಲಿಸಬೇಕಾದದ್ದು ಈ ಚಳಿಯ ಸಂಖ್ಯೆಯನ್ನು. ‘ಬಿಸಿಲು ಹೆಚ್ಚಾದರೆ ವೋಲ್ಟೇಜ್ ಹೆಚ್ಚು’ ಎಂದು ನಂಬಿರುವ ತರಗತಿಗೆ ಈ ಒಂದು ಲೆಕ್ಕ ಒಳ್ಳೆಯ ಚುರುಕು.

ನಕ್ಷೆಯ ಸಾಲು ಹೀಗೆ: ಫಲಕಗಳು, ಡಿಸಿ ಪೆಟ್ಟಿಗೆ, ಅದರೊಳಗೆ ಫ್ಯೂಸು, ಐಸೊಲೇಟರ್, ಸಿಡಿಲಿನ ಹೊಡೆತ ತಡೆಯುವ ಎಸ್‌ಪಿಡಿ, ಇನ್ವರ್ಟರ್, ಎಸಿ ಪೆಟ್ಟಿಗೆ, ಅದರಲ್ಲಿ ಎಂಸಿಬಿ, ಉತ್ಪಾದನೆ ಅಳೆಯುವ ಸೋಲಾರ್ ಮೀಟರು, ಮನೆಯ ಬೋರ್ಡು, ಮೇನ್ ಸ್ವಿಚ್ಚು, ಎರಡೂ ದಿಕ್ಕಿಗೆ ಅಳೆಯುವ ನೆಟ್ ಮೀಟರು, ಕೊನೆಗೆ ಕಂಬ. ಭೂಸಂಪರ್ಕದ ಗುಂಡಿಗಳು ಪ್ರತ್ಯೇಕ. ಎಂಸಿಬಿಯ ಅಳತೆಯನ್ನು ಮಕ್ಕಳೇ ತೆಗೆಯಲಿ: 3000 ವ್ಯಾಟನ್ನು 230ರಿಂದ ಭಾಗಿಸಿದರೆ 13 ಆಂಪಿಯರ್; ಗಂಟೆಗಟ್ಟಲೆ ಹರಿಯುವ ಪ್ರವಾಹವಾದ್ದರಿಂದ ಕಾಲುಭಾಗ ಸೇರಿಸಿ 16.3, ಅಂಗಡಿಯಲ್ಲಿ ಸಿಗುವ ಮುಂದಿನ ಅಳತೆ 20.

ಈ ಸಾಲನ್ನು ಎರಡು ರೀತಿ ಬರೆಯಬಹುದು. ನೆಟ್ ಮೀಟರಿನ ಅರ್ಜಿಗೆ ಅಳವಡಿಸುವವರು ಕೊಡುವಂಥದ್ದು ಏಕರೇಖಾ ನಕ್ಷೆ. ಅಲ್ಲಿ ಎರಡು ತಂತಿಗೂ ಒಂದೇ ಗೆರೆ. ಎಲೆಕ್ಟ್ರಿಷಿಯನ್‌ಗೆ ಬೇಕಾದದ್ದು ಪ್ರತಿ ತಂತಿಯನ್ನೂ ಬೇರೆ ಗೆರೆಯಾಗಿ ತೋರಿಸುವ ಪೂರ್ಣ ನಕ್ಷೆ. ಶಾಲೆಯಲ್ಲಿ ಏಕರೇಖೆಯಿಂದ ಆರಂಭಿಸಿ ಪೂರ್ಣ ನಕ್ಷೆಗೆ ಹೋಗುವುದು ಸರಿ. ಎರಡರಲ್ಲೂ ತಾರಸಿಯ ಚಿತ್ರ, ಮನೆಯ ಚಿತ್ರ ಬೇಡ. ಮೊದಲ ದಿನ ಮಕ್ಕಳು ಸೂರ್ಯನನ್ನೂ ತೆಂಗಿನಮರವನ್ನೂ ಬರೆಯುತ್ತಾರೆ. ಬರೆಯಲಿ, ಆದರೆ ಬೇರೆ ಹಾಳೆಯಲ್ಲಿ.

ತಂತ್ರಾಂಶದ ವಿಚಾರ. ಕ್ಯೂಎಲೆಕ್ಟ್ರೋಟೆಕ್ ಎಂಬುದು ವಿದ್ಯುತ್ ನಕ್ಷೆಗಾಗಿಯೇ ಇರುವ ಉಚಿತ, ಮುಕ್ತ ತಂತ್ರಾಂಶ. ಸಂಕೇತಗಳ ಪಟ್ಟಿಯಿಂದ ಎಳೆದು ಹಾಳೆಯ ಮೇಲೆ ಇಡಬೇಕು, ಒಂದರ ತುದಿಯಿಂದ ಇನ್ನೊಂದರ ತುದಿಗೆ ತಂತಿ ಎಳೆಯಬೇಕು. ಬೇಕಾದ ಸಂಕೇತ ಸಿಗದಿದ್ದರೆ ಅದರಲ್ಲೇ ಹೊಸದನ್ನು ರಚಿಸಬಹುದು. ಪ್ರಯೋಗಾಲಯದಲ್ಲಿ ಅದನ್ನು ಹಾಕಲು ಆಗದಿದ್ದರೆ ಲಿಬ್ರೆಆಫೀಸ್ ಡ್ರಾ ಸಾಕು. ಆದರೆ ಅಲ್ಲಿ ಬರಿಯ ಲೈನ್ ಬಳಸದೆ ಕನೆಕ್ಟರ್ ಬಳಸಬೇಕು. ಬರಿಯ ಲೈನು ಪೆಟ್ಟಿಗೆಯ ಪಕ್ಕದಲ್ಲಿ ಇರುತ್ತದೆ ಅಷ್ಟೆ. ಕನೆಕ್ಟರ್ ಅದಕ್ಕೆ ಅಂಟಿಕೊಂಡು, ಪೆಟ್ಟಿಗೆ ಸರಿಸಿದರೂ ಜೊತೆಗೆ ಬರುತ್ತದೆ. ಸಂಪರ್ಕ ಬೇರೆ, ಸಾಮೀಪ್ಯ ಬೇರೆ ಎಂಬುದನ್ನು ಮಕ್ಕಳು ಇಲ್ಲಿ ಕೈಯಿಂದಲೇ ಕಲಿಯುತ್ತಾರೆ. ಹೆಸರುಗಳನ್ನು ಕನ್ನಡದಲ್ಲೇ ಬರೆಸಿ, ಯೂನಿಕೋಡ್‌ನಲ್ಲಿ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ‘ಭೂಸಂಪರ್ಕ’ ಪಕ್ಕದ ಕಂಪ್ಯೂಟರಿನಲ್ಲಿ ಅರ್ಥವಾಗದ ಚಿಹ್ನೆಗಳ ಸಾಲಾಗಿಬಿಡುತ್ತದೆ. ಒಂದು ಎಚ್ಚರಿಕೆ: ಈ ಎರಡೂ ತಂತ್ರಾಂಶಗಳು ಮಂಡಲ ಸರಿಯೇ ಎಂದು ಪರೀಕ್ಷಿಸುವುದಿಲ್ಲ. ತಪ್ಪು ನಕ್ಷೆಯೂ ಅಚ್ಚುಕಟ್ಟಾಗಿಯೇ ಮುದ್ರಣವಾಗುತ್ತದೆ.

ಪಾಠದ ಜೀವ ಇರುವುದು ತಂತಿಗೆ ಸಂಖ್ಯೆ ಕೊಡುವಲ್ಲಿ ಎಂದು ನನ್ನ ಅಭಿಪ್ರಾಯ. ನಿಯಮ ಸರಳ: ಒಂದೇ ವಿಭವದಲ್ಲಿ ಇರುವ ತಂತಿಗಳಿಗೆಲ್ಲ ಒಂದೇ ಸಂಖ್ಯೆ, ನಡುವೆ ಸ್ವಿಚ್ಚೋ ಫ್ಯೂಸೋ ಬಂದರೆ ಆಚೆಗೆ ಹೊಸ ಸಂಖ್ಯೆ. ‘ಫ್ಯೂಸೂ ತಂತಿಯೇ ಅಲ್ಲವೇ, ಎರಡೂ ಕಡೆ ಒಂದೇ ಸಂಖ್ಯೆ ಇರಲಿ’ ಎಂದು ಮಕ್ಕಳು ವಾದಿಸುತ್ತಾರೆ. ಫ್ಯೂಸು ಕರಗಿದ ಮೇಲೆ ಎರಡೂ ತುದಿಯಲ್ಲಿ ವಿಭವ ಒಂದೇ ಇರುತ್ತದೆಯೇ ಎಂದು ಕೇಳಿ ಸುಮ್ಮನಿರಿ. ವ್ಯಾಖ್ಯೆಯಾಗಿ ಬಾಯಿಪಾಠವಾಗಿದ್ದ ವಿಭವಾಂತರ ಇಲ್ಲಿ ಅವರಿಗೆ ಕೆಲಸಕ್ಕೆ ಬರುತ್ತದೆ.

ಮುಂದಿನದು ಬಣ್ಣ. ಇಲ್ಲಿ ಶಿಕ್ಷಕರು ಅವಸರ ಮಾಡಬಾರದು. ಪುಸ್ತಕದಲ್ಲಿ ಸಜೀವ ತಂತಿ ಕೆಂಪು, ತಟಸ್ಥ ಕಪ್ಪು, ಭೂಸಂಪರ್ಕ ಹಸಿರು. ಸೋಲಾರಿನ ಡಿಸಿ ಭಾಗದಲ್ಲಿಯೂ ಕೆಂಪು, ಕಪ್ಪು ತಂತಿಗಳೇ ಇವೆ, ಆದರೆ ಅಲ್ಲಿ ಕೆಂಪು ಧನ, ಕಪ್ಪು ಋಣ. ನಾವೇ ಕಲಿಸಿದ ‘ಕಪ್ಪು ಎಂದರೆ ತಟಸ್ಥ’ ಎಂಬ ಪಾಠವನ್ನು ನಂಬಿ ತಾರಸಿಗೆ ಹೋದ ಹುಡುಗ ಕಪ್ಪು ತಂತಿಯನ್ನು ನಿರಪಾಯವೆಂದು ಮುಟ್ಟಬಹುದು. ಅಲ್ಲಿ ತಟಸ್ಥ ಎಂಬುದೇ ಇಲ್ಲ. ಎರಡೂ ಮುಟ್ಟಬಾರದ ತಂತಿಗಳೇ. ಆದ್ದರಿಂದ ನಕ್ಷೆಯಲ್ಲಿ ಡಿಸಿ ಭಾಗವನ್ನೂ ಎಸಿ ಭಾಗವನ್ನೂ ಎರಡು ಬೇರೆ ಹಾಳೆಗಳಲ್ಲಿ ಬರೆಸಬೇಕು. ಇನ್ವರ್ಟರ್ ಮಾತ್ರ ಎರಡರಲ್ಲೂ ಬರಲಿ.

ಸ್ವಿಚ್ಚಿನಲ್ಲೂ ಇಂಥದ್ದೇ ವ್ಯತ್ಯಾಸವಿದೆ. ಎಸಿ ಪ್ರವಾಹ ಸೆಕೆಂಡಿಗೆ ನೂರು ಸಲ ಸೊನ್ನೆಯನ್ನು ದಾಟುತ್ತದೆ. ಸ್ವಿಚ್ಚು ತೆರೆದಾಗ ಹೊತ್ತುವ ಕಿಡಿ ಆ ಸೊನ್ನೆಯಲ್ಲಿ ಆರಿಹೋಗಲು ಅವಕಾಶವಿದೆ. ಡಿಸಿಗೆ ಸೊನ್ನೆಯೇ ಇಲ್ಲ, ಕಿಡಿ ಉರಿಯುತ್ತಲೇ ಇರಬಹುದು. ಮನೆಯಲ್ಲಿ ಬಳಸುವ ಎಸಿ ಎಂಸಿಬಿಯನ್ನು ತಾರಸಿಯ ಡಿಸಿ ಪೆಟ್ಟಿಗೆಗೆ ಹಾಕಬಾರದೆಂಬುದು ಇದಕ್ಕೇ. ನಕ್ಷೆಯಲ್ಲಿ ಸಂಕೇತದ ಪಕ್ಕ ‘ಡಿಸಿ’ ಎಂದು ವೋಲ್ಟೇಜ್ ಸಹಿತ ಬರೆಯದಿದ್ದರೆ ಅಂಗಡಿಗೆ ಹೋದವರು ಅಗ್ಗದ್ದನ್ನೇ ತರುತ್ತಾರೆ.

ನಕ್ಷೆ ಮುಗಿದ ಮೇಲೆ ಒಂದು ಪ್ರಶ್ನೆ: ಮೇನ್ ಸ್ವಿಚ್ ಆಫ್ ಮಾಡಿದೆವು, ಮಟಮಟ ಮಧ್ಯಾಹ್ನ. ಈಗ ಯಾವ ಯಾವ ತಂತಿಯಲ್ಲಿ ಇನ್ನೂ ವಿದ್ಯುತ್ತಿದೆ? ಮುದ್ರಿಸಿದ ನಕ್ಷೆಯ ಮೇಲೆ ಬಣ್ಣ ಹಚ್ಚಲಿ. ಹಳೆಯ ಚಿತ್ರ ಕಲಿತವರು ಕಂಬದಿಂದ ಮೇನ್ ಸ್ವಿಚ್ಚಿನವರೆಗೆ ಹಚ್ಚಿ ಪೆನ್ನು ಕೆಳಗಿಡುತ್ತಾರೆ. ಆದರೆ ಲೈನು ಕಡಿದ ಕೂಡಲೇ ನಿಲ್ಲುವುದು ಇನ್ವರ್ಟರ್ ಮಾತ್ರ, ಫಲಕವಲ್ಲ. ಫಲಕದಿಂದ ಇನ್ವರ್ಟರಿನವರೆಗೆ ಮುನ್ನೂರರ ಹತ್ತಿರದ ವೋಲ್ಟೇಜ್ ಹಾಗೆಯೇ ಇರುತ್ತದೆ. ಡಿಸಿ ಐಸೊಲೇಟರನ್ನೂ ತೆರೆದರೆ? ಫಲಕದಿಂದ ಐಸೊಲೇಟರಿನವರೆಗಿನ ತಂತಿಯಲ್ಲಿ ಬೆಳಕಿರುವಷ್ಟು ಹೊತ್ತೂ ಇದ್ದೇ ಇರುತ್ತದೆ.

ಇನ್ವರ್ಟರ್ ಏಕೆ ನಿಲ್ಲಬೇಕು ಎಂಬುದನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ: ‘ಬಿಸಿಲಿದೆ, ಫಲಕವಿದೆ, ಆದರೂ ಕರೆಂಟು ಹೋದಾಗ ಮನೆಯಲ್ಲಿ ಕತ್ತಲೆ ಏಕೆ ಸಾರ್?’ ನೆಟ್ ಮೀಟರಿನ ಬಾಣ ಎರಡು ಕಡೆಗೂ ಇರುವುದನ್ನು ತೋರಿಸಿ. ಲೈನ್‌ಮನ್ ಲೈನು ಆಫ್ ಮಾಡಿಸಿ ಕಂಬ ಹತ್ತಿರುವಾಗ ನಮ್ಮ ತಾರಸಿಯಿಂದ ವಿದ್ಯುತ್ತು ಆ ಲೈನಿಗೆ ಹರಿದರೆ ಏನಾಗುತ್ತದೆ ಎಂಬುದು ಅವರಿಗೇ ಹೊಳೆಯುತ್ತದೆ.

ಶಿವಾಜಿನಗರ, ಹಲಸೂರಿನ ಶಾಲೆಗಳಿಗೆ ಹೋಗುವವರು ಉದಾಹರಣೆಯನ್ನು ಬದಲಿಸಿಕೊಳ್ಳಬೇಕು. ಅಲ್ಲಿ ಒಂದೇ ಕಟ್ಟಡದ ಮೆಟ್ಟಿಲ ಕೆಳಗೆ ನಾಲ್ಕೈದು ಮೀಟರುಗಳ ಸಾಲು. ಕೆಳಗೆ ಅಂಗಡಿ, ಮೇಲೆ ಬಾಡಿಗೆಯವರು. ತಾರಸಿಯ ಸೋಲಾರ್ ಯಾವ ಆರ್.ಆರ್. ನಂಬರಿನ ಮೀಟರಿಗೆ ಸೇರುತ್ತದೆ ಎಂಬುದೇ ಮೊದಲ ಪ್ರಶ್ನೆ. ಆ ಮೀಟರಿನ ಮೇನ್ ಮಾತ್ರ ಆಫ್ ಮಾಡಿದರೆ ಪಕ್ಕದ ಮನೆಯ ತಂತಿ ಹಾಗೆಯೇ ಇರುತ್ತದೆ. ನಕ್ಷೆಯಲ್ಲಿ ಎಲ್ಲ ಮೀಟರುಗಳೂ ಬರಬೇಕು. ಪಕ್ಕದ ಎತ್ತರದ ಕಟ್ಟಡದ ನೆರಳು ಸರಣಿಯ ಒಂದು ಫಲಕದ ಮೇಲೆ ಬಿದ್ದರೆ ಇಡೀ ಸರಣಿಯ ಉತ್ಪಾದನೆಗೆ ಪೆಟ್ಟು ಎಂಬುದನ್ನೂ ಅಲ್ಲಿ ಹೇಳದೆ ಬಿಡುವಂತಿಲ್ಲ. ಕೆ.ಆರ್. ಪುರ, ದೂರವಾಣಿನಗರದ ಕಡೆ ಇನ್ನೊಂದು ಅನುಕೂಲವಿದೆ. ಐಟಿಐ, ಎನ್‌ಜಿಇಎಫ್ ಕಾರ್ಖಾನೆಗಳಲ್ಲಿ ದುಡಿದ ಅಜ್ಜಂದಿರು ಕೆಲವು ಮನೆಗಳಲ್ಲಿ ಇದ್ದಾರೆ. ಮಕ್ಕಳು ಮುದ್ರಿತ ನಕ್ಷೆಯನ್ನು ಅವರಿಗೆ ತೋರಿಸಿ ಬರಲಿ. ನಮ್ಮ ಕೆಂಪು ಶಾಯಿಗಿಂತ ಅವರ ಒಂದು ಪ್ರಶ್ನೆ ಹೆಚ್ಚು ನಾಟುತ್ತದೆ.

ನಲವತ್ತು ನಿಮಿಷದ ಒಂದು ಅವಧಿಯಲ್ಲಿ ಇದು ಮುಗಿಯುವುದಿಲ್ಲ. ಒಂದು ಅವಧಿ ಕಾಗದದ ಮೇಲೆ ಏಕರೇಖೆಗೆ, ಎರಡು ಕಂಪ್ಯೂಟರಿಗೆ, ಒಂದು ಬಣ್ಣ ಹಚ್ಚಿ ಚರ್ಚಿಸಲು. ಅಂಕ ಕೊಡುವಾಗ ನಕ್ಷೆಯ ಅಂದಕ್ಕೆ ಎರಡು ಸಾಕು, ಎಂಟು ಅಂಕ ಬಣ್ಣ ಹಚ್ಚಿದ ಪ್ರತಿಗೆ ಇರಲಿ. ಆ ಪ್ರತಿಗಳನ್ನು ಪಾಠಯೋಜನೆಯ ಜೊತೆ ದಾಖಲೆ ಪುಸ್ತಕಕ್ಕೆ ಅಂಟಿಸಿ, ಮಗುವಿನ ಮೊದಲ ಉತ್ತರವನ್ನು ಅಳಿಸದೆ.