ಬಿಸಿಗೆ ಕುಗ್ಗುವ ಹಾಳೆ

ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ತೊಡಿಸುವ ಕಮ್ಮಾರನು ಮೊದಲು ಅದನ್ನು ಕೆಂಪಗೆ ಕಾಯಿಸುತ್ತಾನೆ. ಕಾದ ಪಟ್ಟಿಯು ಹಿಗ್ಗಿ ಗಾಲಿಯ ಮೇಲೆ ಸಲೀಸಾಗಿ ಕೂರುತ್ತದೆ. ನೀರೆರೆದೊಡನೆ ಕುಗ್ಗಿ ಬಿಗಿಯುತ್ತದೆ. ಬಿಸಿಗೆ ಹಿಗ್ಗುವುದು ವಸ್ತುಗಳ ಸಾಮಾನ್ಯ ಧರ್ಮವೆಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ನೀರಿನ ಬಾಟಲಿಗಳನ್ನು ಡಜನ್ ಡಜನ್ನಾಗಿ ಹಿಡಿದಿಡುವ ಪ್ಲಾಸ್ಟಿಕ್ ಹಾಳೆಯನ್ನು ನೋಡಿ. ಸಡಿಲವಾಗಿ ಸುತ್ತಿದ ಹಾಳೆಯು ಬಿಸಿಗಾಳಿಯ ಗೂಡಿನೊಳಗೆ ಹಾದು ಬರುವಷ್ಟರಲ್ಲಿ ಬಾಟಲಿಗಳಿಗೆ ಚರ್ಮದಂತೆ ಅಂಟಿಕೊಂಡಿರುತ್ತದೆ. ಹಾಗಾದರೆ ನಿಯಮ ತಪ್ಪಿತೇ?

ಗುಟ್ಟು ಹಾಳೆಯ ಹುಟ್ಟಿನಲ್ಲಿದೆ. ಪ್ಲಾಸ್ಟಿಕ್ಕಿನ ಅಣುಗಳು ಸಾವಿರಾರು ಕೊಂಡಿಗಳುಳ್ಳ ಸರಪಳಿಗಳು. ತಮ್ಮ ಪಾಡಿಗೆ ಬಿಟ್ಟರೆ ಅವು ಸಿಕ್ಕುಗಟ್ಟಿದ ನೂಲಿನಂತೆ ಮುದುಡಿಕೊಳ್ಳುತ್ತವೆ. ತಯಾರಿಸುವವರು ಬಿಸಿಯಿಂದ ಮೆದುವಾದ ಹಾಳೆಯನ್ನು ಎಳೆದು, ಎಳೆತವನ್ನು ಬಿಡದೆಯೇ ತಣಿಸುತ್ತಾರೆ. ನೀಳವಾದ ಸರಪಳಿಗಳು ಹಾಗೆಯೇ ಸೆರೆಯಾಗುತ್ತವೆ. ಮತ್ತೆ ಬಿಸಿ ತಗುಲಿದಾಗ ಸೆರೆ ಸಡಿಲಿ ಮುದುಡುತ್ತವೆ. ಹಾಳೆಗೆ 'ನೆನಪು' ಇದೆಯೆಂದು ಹೇಳುವುದುಂಟು. ನಮಗೆ ಆ ಮಾತು ಅಷ್ಟಾಗಿ ಒಪ್ಪಿಗೆಯಿಲ್ಲ. ಸರಪಳಿಯು ನೀಳವಾಗಿರುವ ಬಗೆಗಳು ಕೆಲವೇ, ಮುದುಡಿರುವ ಬಗೆಗಳು ಅಸಂಖ್ಯ. ಉಷ್ಣದ ಕುಲುಕಾಟದಲ್ಲಿ ಅದು ಮುದುಡುವ ಕಡೆಗೇ ವಾಲುತ್ತದೆ, ಅಷ್ಟೆ.

ಎಳೆದ ರಬ್ಬರಿನ ಸ್ವಭಾವವೂ ಇದೇ. ಇಂಗ್ಲೆಂಡಿನ ಅಂಧ ವಿದ್ವಾಂಸ ಜಾನ್ ಗಫ್ ಇದನ್ನು 1805ರಲ್ಲಿ ಪ್ರಕಟಿಸಿದನು. ರಬ್ಬರ್ ಪಟ್ಟಿಯೊಂದಕ್ಕೆ ತೂಕ ಕಟ್ಟಿ ತೂಗುಬಿಟ್ಟು, ಅದಕ್ಕೆ ಬಿಸಿನೀರನ್ನು ಹನಿಸಿ ನೋಡಿರಿ. ತೂಕವು ಕೊಂಚ ಮೇಲೇರುತ್ತದೆ.

ಕಮ್ಮಾರನ ನಿಯಮವೂ ಇಲ್ಲಿ ಸುಳ್ಳಾಗಿಲ್ಲ. ಬಿಸಿಗೂಡಿನಿಂದ ಹೊರಬಂದ ಹಾಳೆಯು ತಣಿಯುತ್ತ, ಗಾಲಿಯ ಪಟ್ಟಿಯಂತೆಯೇ, ಇನ್ನಷ್ಟು ಬಿಗಿಯುತ್ತದೆ.

ಇನ್ನು ಚಳಿಯ ಮಾತು. ಒಂದು ಮಿತಿಗಿಂತ ತಣ್ಣಗಾದರೆ ಸರಪಳಿಗಳು ಮಿಸುಕಲಾರದೆ ಪ್ಲಾಸ್ಟಿಕ್ಕು ಗಾಜಿನಂತೆ ಪೆಡಸಾಗುತ್ತದೆ. ಪಾಲಿಥೀನಿಗೆ ಈ ಮಿತಿ ಸೊನ್ನೆಗಿಂತ ಸುಮಾರು 100 ಡಿಗ್ರಿ ಸೆಂಟಿಗ್ರೇಡಿಗೂ ಕೆಳಗೆ. ಆದ್ದರಿಂದ ಹೆಪ್ಪುಗಟ್ಟಿಸಿದ ಬಟಾಣಿಯನ್ನಿಡುವ -18 ಡಿಗ್ರಿಯ ಶೀತಲಗೃಹದಲ್ಲಿಯೂ ಅದು ಬಳುಕುತ್ತದೆ. ಪಾಲಿವಿನೈಲ್ ಕ್ಲೋರೈಡಿನ ಮಿತಿಯಾದರೋ ಸೊನ್ನೆಗಿಂತ ಸುಮಾರು 80 ಡಿಗ್ರಿ ಮೇಲೆ! ಮೆದುಗೊಳಿಸುವ ದ್ರವ್ಯಗಳನ್ನು ಬೆರೆಸಿ ಅದನ್ನು ಇಳಿಸಬಹುದು. ಆದರೂ ಕಡುಚಳಿಯಲ್ಲಿ ಈ ಹಾಳೆ ಪೆಡಸಾಗಿ, ಪೆಟ್ಟಿಗೆಗೆ ಪೆಟ್ಟು ಬಿದ್ದೆಡೆಯಲ್ಲಿ ಸೀಳುವ ಭಯವಿದ್ದೇ ಇದೆ. ಒಳಗಿನ ಆಹಾರಕ್ಕೆ ಗಾಳಿ ತಗುಲಲು ಒಂದು ಬಿರುಕು ಸಾಕು.

ಬಿಸಿಯಲ್ಲಿಯೂ ಇವೆರಡರ ಹಾದಿ ಬೇರೆ. ಪಾಲಿಥೀನಿನ ಹರಳುಭಾಗಗಳು ಕರಗುವ ಹಂತಕ್ಕೆ, ಎಂದರೆ ಸುಮಾರು 110 ಡಿಗ್ರಿಯ ಹತ್ತಿರಕ್ಕೆ, ಬಂದಾಗಲೇ ಅದು ಚೆನ್ನಾಗಿ ಕುಗ್ಗುವುದು. ಕೊಂಚ ಮಿತಿಮೀರಿದರೆ ತೂತು ಬೀಳುತ್ತದೆ. ಪಾಲಿವಿನೈಲ್ ಹಾಳೆಯು ಅದಕ್ಕಿಂತ ಕಡಿಮೆ ಬಿಸಿಗೇ ಕುಗ್ಗಿ ಕೆಲಸವನ್ನು ಸುಲಭಗೊಳಿಸುತ್ತದೆ. ಆದರೆ ಬೇಸಗೆಯಲ್ಲಿ ತಗಡಿನ ಸೂರಿನ ಗೋದಾಮಿನಲ್ಲಿಟ್ಟರೆ, ಇನ್ನೂ ಬಳಸದ ಸುರುಳಿಯೇ ತನ್ನಷ್ಟಕ್ಕೆ ಕುಗ್ಗತೊಡಗುವುದುಂಟು.